ತೂತುಕಾಸಿನಂಥ ಒಂದು ಬಿಲ್ಲೆ

ಯುದ್ಧದ ಇತಿಹಾಸ ಓದುವಾಗ ನಾನು ಎಂಜಿನ್ನಿನ ಪುಟಗಳನ್ನು ಹಾರಿಸಿಬಿಡುತ್ತಿದ್ದೆ. 1940ರ ಬ್ರಿಟನ್ ವಾಯುಯುದ್ಧ ಆ ಅಭ್ಯಾಸ ಬಿಡಿಸಿತು.

ಜರ್ಮನಿಯ ಮೆಸರ್‌ಸ್ಮಿಟ್ 109ರ ಎಂಜಿನ್ನಿನಲ್ಲಿ ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಕಳಿಸಿದರೆ, ಪಂಪು ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತಿತ್ತು. ಬ್ರಿಟನ್ನಿನ ಮರ್ಲಿನ್ ಎಂಜಿನ್ನಿಗೂ ಸೂಪರ್‌ಚಾರ್ಜರ್ ಇತ್ತು. ಇಂಧನ ಮಾತ್ರ ಕಾರ್ಬ್ಯುರೇಟರಿನಿಂದ. ಅಲ್ಲಿ ಆವಿಯಾಗುವ ಪೆಟ್ರೋಲು ಗಾಳಿಯನ್ನು ತಂಪಾಗಿಸಿ ಶಕ್ತಿ ಹೆಚ್ಚಿಸುತ್ತದೆಂಬುದು ರೋಲ್ಸ್-ರಾಯ್ಸ್ ಲೆಕ್ಕ. ಲೆಕ್ಕ ಸರಿಯೇ. ಆದರೆ ಪೈಲಟ್ ಥಟ್ಟನೆ ವಿಮಾನದ ಮೂತಿ ತಗ್ಗಿಸಿದರೆ, ಮೊದಲು ಇಂಧನ ಸಿಗದೆ, ಮರುಕ್ಷಣ ಅತಿಯಾಗಿ ನುಗ್ಗಿ, ಎಂಜಿನ್ ಉಸಿರುಗಟ್ಟುತ್ತಿತ್ತು.

1941ರಲ್ಲಿ ಫಾರ್ನ್‌ಬರೋದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಆ ನುಗ್ಗುವಿಕೆಗೆ ತಡೆಯಾಗಿ ತೂತಿರುವ ಪುಟ್ಟ ಲೋಹದ ಬಿಲ್ಲೆ ಕೂರಿಸಿದರು. ದೋಷ ಪೂರ್ತಿ ನೀಗಲಿಲ್ಲ. ಪೈಲಟ್‌ಗಳಿಗೆ ಕೆಲವು ಕ್ಷಣ ದಕ್ಕಿದವು.

ಕಾಗದದ ಮೇಲೆ ಗೆದ್ದ ಆಯ್ಕೆಗೆ ಆಕಾಶದಲ್ಲಿ ಬೆಲೆ ತೆತ್ತವರು ಯಾರು ಎಂದು ಕೇಳಲು ನನಗೆ ಕಲಿಸಿದ್ದು ಈ ಬಿಲ್ಲೆ.