ಬೇಲಿಯಿಲ್ಲದ ಹೊಲ: ಸಿಡ್ನಿಯ ಆಯ್ಸ್ಟರ್ ಕೃಷಿಯ ಒಂದೂವರೆ ಶತಮಾನ

ಮೂರು ವರ್ಷಗಳ ಹಿಂದೆ, ಹನ್ನೆರಡನೇ ತರಗತಿ ಮುಗಿಸಿದ ಮಗಳು "ಅಪ್ಪ, ನಾನು ಆಯ್ಸ್ಟರ್ ಸಾಕುವ ಕೆಲಸ ಕಲಿಯುತ್ತೇನೆ" ಎಂದಾಗ ನಮ್ಮ ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು. ನಾನು ಕುಮಟಾ ಕಡೆಯವನು. ಅಘನಾಶಿನಿ ಹೊಳೆಯ ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುವವರನ್ನು ನೋಡುತ್ತ ಬೆಳೆದವನು. ಮಕ್ಕಳಿಗೆ ಆ ಕೆಲಸ ಬೇಡವೆಂದೇ ಅವರು ಶಾಲೆಗೆ ಕಳಿಸುತ್ತಿದ್ದರು. ಇಷ್ಟು ದೂರ ಬಂದು, ಕಂಪ್ಯೂಟರ್ ಮುಂದೆ ಕೂತು ಮನೆ ಕಟ್ಟಿದವನ ಮಗಳು ಮತ್ತೆ ಕೆಸರಿಗೆ ಇಳಿಯುವುದೆ? ಬೇಡ ಎನ್ನಲು ಕಾರಣ ಹುಡುಕುತ್ತ ಈ ಕಸುಬಿನ ಚರಿತ್ರೆ ಓದತೊಡಗಿದೆ. ಕಾರಣಗಳು ಬೇಕಾದಷ್ಟು ಸಿಕ್ಕವು.

ನಮ್ಮ ಊರಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಗೋಡೆಗೂ ಬೇಕು, ಎಲೆಯಡಿಕೆಗೂ ಬೇಕು. ಸಿಡ್ನಿಯೂ ಚಿಪ್ಪುಸುಣ್ಣದ ಮೇಲೆಯೇ ಎದ್ದ ಊರು ಎಂದು ತಿಳಿದಾಗ ಆಶ್ಚರ್ಯವಾಯಿತು. 1788ರಲ್ಲಿ ಬಂದಿಳಿದ ಬ್ರಿಟಿಷರಿಗೆ ಹತ್ತಿರದಲ್ಲೆಲ್ಲೂ ಸುಣ್ಣಕಲ್ಲು ಸಿಗಲಿಲ್ಲ. ಇಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ತಿಂದು ಬಿಟ್ಟ ಸಿಂಪಿಗಳು ದಡದುದ್ದಕ್ಕೂ ದಿಬ್ಬಗಳಾಗಿದ್ದವು. ಅವನ್ನು ಅಗೆದು ಸುಟ್ಟರು. ದಿಬ್ಬ ಸಾಲದೆ ಬಂದಾಗ ಜೀವಂತ ಆಯ್ಸ್ಟರನ್ನೇ ಗೂಡಿಗೆ ಹಾಕಿದರು. ಕೊನೆಗೆ 1868ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕಾನೂನು ಮಾಡಿ ಅದನ್ನು ನಿಲ್ಲಿಸಿತು; ಆಯ್ಸ್ಟರ್ ಬೆಳೆಸುವವರಿಗೆ ಉತ್ತೇಜನ ಕೊಡುವುದೂ ಆ ಕಾನೂನಿನ ಉದ್ದೇಶವಾಗಿತ್ತು. ಅಂದರೆ ಈ ಕೃಷಿ ಹುಟ್ಟಿದ್ದೇ ಹೊಳೆ ಬರಿದಾಗುತ್ತ ಬಂದಾಗ.

ಉಣ್ಣೆ ವ್ಯಾಪಾರದಲ್ಲಿ ಹಣ ಮಾಡಿದ ಥಾಮಸ್ ಹೋಲ್ಟ್ 1870ರ ದಶಕದಲ್ಲಿ ಜಾರ್ಜಸ್ ನದಿಯ ಗ್ವಾಲೆ ಕೊಲ್ಲಿಯಲ್ಲಿ ಫ್ರಾನ್ಸಿನ ಮಾದರಿಯ ಕಾಲುವೆಗಳನ್ನು ತೋಡಿಸಿದ. ಫ್ರಾನ್ಸಿನ ಚಳಿಗೆ ಹೊಂದಿದ ಪದ್ಧತಿ ಸಿಡ್ನಿಯ ಬೇಸಿಗೆಗೆ ಹೊಂದಲಿಲ್ಲ. ಆಳವಿಲ್ಲದ ನೀರು ಕಾದು, ಹೂಳು ತುಂಬಿ, ಬೆಳೆ ಸತ್ತಿತು. ಶತಮಾನದ ಕೊನೆಯ ಹೊತ್ತಿಗೆ ಚಿಪ್ಪಿನೊಳಗೆ ಸೇರುವ ಕೆಸರುಹುಳು ಬಂದು ತಳದಲ್ಲಿದ್ದ ಆಯ್ಸ್ಟರುಗಳನ್ನೆಲ್ಲ ಹಾಳುಮಾಡಿತು. ಇದಕ್ಕೆ ರೈತರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು: ಬೆಳೆಯನ್ನೇ ತಳದಿಂದ ಮೇಲೆತ್ತಿದರು. ಡಾಂಬರು ಬಳಿದ ಕಡ್ಡಿಗಳ ಮೇಲೆ, ಭರತಕ್ಕೆ ಮುಳುಗಿ ಇಳಿತಕ್ಕೆ ಗಾಳಿಗೆ ಒಣಗುವ ಎತ್ತರದಲ್ಲಿ ಬೆಳೆಸತೊಡಗಿದರು. ಆ ಒಣಗು ಹುಳುವಿಗೆ ಆಗದು. ಸಿಡ್ನಿ ರಾಕ್ ಆಯ್ಸ್ಟರ್ ಬಾಯಿ ಬಿಗಿದು ತಡೆದುಕೊಳ್ಳುತ್ತದೆ. 1970ರ ದಶಕದಲ್ಲಿ ಈ ಕೃಷಿ ತನ್ನ ಉತ್ತುಂಗ ಮುಟ್ಟಿತು.

ಆಮೇಲಿನದು ಬೇರೆ ಕಥೆ. ಆಯ್ಸ್ಟರಿಗೆ ಯಾರೂ ಮೇವು ಹಾಕುವುದಿಲ್ಲ, ಗೊಬ್ಬರವಿಲ್ಲ, ಔಷಧಿಯಿಲ್ಲ. ಹೊಳೆಯ ನೀರನ್ನೇ ಸೋಸಿ ತಿಂದು ಬದುಕುತ್ತದೆ. ಪರಿಸರಕ್ಕೆ ಇದಕ್ಕಿಂತ ಹಗುರವಾದ ಸಾಕಣೆ ಕಡಿಮೆ. ಆದರೆ ಮೇಲ್ದಂಡೆಯವರು ನೀರಿಗೆ ಬಿಟ್ಟದ್ದೂ ಅದರ ಹೊಟ್ಟೆಗೇ ಹೋಗುತ್ತದೆ. 1978ರಲ್ಲಿ ಜಾರ್ಜಸ್ ನದಿಯ ಆಯ್ಸ್ಟರ್ ತಿಂದು ದೇಶದಾದ್ಯಂತ 2,000ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ನರಳಿದರು. 1997ರಲ್ಲಿ ವಾಲಿಸ್ ಲೇಕ್‌ನಲ್ಲಿ ಜೋರು ಮಳೆಯ ನಂತರ ಕೊಳಚೆ ಸೇರಿ, 400ಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಎ ತಗುಲಿತು. ಮೊಕದ್ದಮೆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. 2002ರಲ್ಲಿ ತೀರ್ಪು ಬಂದಾಗ ಸರ್ಕಾರವೂ ಹೊಣೆಯಲ್ಲ, ಸ್ಥಳೀಯ ಕೌನ್ಸಿಲ್ಲೂ ಹೊಣೆಯಲ್ಲ ಎಂದಾಯಿತು. ನಾನು ವಕೀಲನಲ್ಲ. ಆದರೆ ಬೇಲಿ ಹಾಕಲಾಗದ ಹೊಲದ ರೈತ ಇದನ್ನು ಓದಿ ಏನಂದುಕೊಂಡಿರಬಹುದು ಎಂದು ಊಹಿಸಬಲ್ಲೆ.

ನಡುವೆ ರೋಗ. 1994ರಲ್ಲಿ ಕ್ಯೂಎಕ್ಸ್ ಎಂಬ ಪರೋಪಜೀವಿ ಜಾರ್ಜಸ್ ನದಿಗೆ ಬಂತು. ತಿನ್ನುವ ನಮಗೆ ಅದರಿಂದ ತೊಂದರೆಯಿಲ್ಲ. ಆಯ್ಸ್ಟರ್ ಮಾತ್ರ ಜೀರ್ಣಶಕ್ತಿ ಕಳೆದುಕೊಂಡು ಹಸಿದು ಸಾಯುತ್ತದೆ. ತಲೆಮಾರುಗಳಿಂದ ನಡೆಸಿದ್ದ ಕುಟುಂಬಗಳು ಕಸುಬು ಬಿಟ್ಟವು. 2004ರಲ್ಲಿ ಅದೇ ರೋಗ ಹಾಕ್ಸ್‌ಬರಿ ನದಿಗೂ ಹೋಯಿತು. ಅಲ್ಲಿಯ ರೈತರು ಪೆಸಿಫಿಕ್ ಆಯ್ಸ್ಟರಿಗೆ ಬದಲಾಯಿಸಿ ಚೇತರಿಸಿಕೊಂಡರು. 2013ರ ಜನವರಿಯಲ್ಲಿ ಆ ಜಾತಿಯನ್ನಷ್ಟೇ ಕೊಲ್ಲುವ ವೈರಸ್ ಬಂದು ಕೆಲವೇ ದಿನಗಳಲ್ಲಿ ಅದನ್ನೂ ಒಯ್ದಿತು. ಹತ್ತು ವರ್ಷದೊಳಗೆ ಎರಡು ಸಲ ಬರಿಗೈ.

ಇಲ್ಲಿಗೆ ನನ್ನ ವಾದ ಗೆದ್ದಂತೆಯೇ ಎಂದು ಮಗಳ ಮುಂದೆ ಇಷ್ಟನ್ನೂ ಹರಡಿದೆ. ಅವಳು ಕೇಳಿ, "ಅಪ್ಪ, ಬದುಕಿ ಉಳಿದವುಗಳ ಕಥೆ ಓದಲಿಲ್ಲವಾ?" ಎಂದಳು.

ಓದಿರಲಿಲ್ಲ. ಪೋರ್ಟ್ ಸ್ಟೀಫನ್ಸ್‌ನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಜಾನ್ ನೆಲ್ ಮತ್ತು ಸಂಗಡಿಗರು 1990ರಲ್ಲೇ ಬೇಗ ಬೆಳೆಯುವ ಸಿಡ್ನಿ ರಾಕ್ ತಳಿಗಾಗಿ ಆಯ್ಕೆ ಆರಂಭಿಸಿದ್ದರು. ಕ್ಯೂಎಕ್ಸ್ ಬಂದ ಮೇಲೆ, ಸತ್ತ ರಾಶಿಯ ನಡುವೆ ಬದುಕುಳಿದವನ್ನು ಆರಿಸಿ ಅವುಗಳಿಂದ ಮರಿ ಮಾಡಿಸಿದರು. ಮತ್ತೆ ರೋಗದ ನೀರಿಗೆ ಬಿಟ್ಟು, ಉಳಿದವನ್ನು ಮತ್ತೆ ಆರಿಸಿದರು. ನಮ್ಮ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆದ ಕಗ್ಗದ ಭತ್ತವನ್ನೇ ಬೀಜಕ್ಕೆ ಎತ್ತಿಡುವ ಹಾಗೆ. ಒಂದು ಆಯ್ಸ್ಟರ್ ಮಾರುಕಟ್ಟೆಗೆ ಬರಲು ಮೂರು ವರ್ಷಕ್ಕೂ ಮೇಲೆ ಬೇಕು. ಒಂದೊಂದು ಪೀಳಿಗೆಯ ಆಯ್ಕೆಗೆ ಎಷ್ಟು ತಾಳ್ಮೆ ಬೇಕೆಂದು ಲೆಕ್ಕ ಹಾಕಿ. ಹಾಕ್ಸ್‌ಬರಿಗೆ ಸಿಡ್ನಿ ರಾಕ್ ಮರಳಿದ್ದು ಇಂಥ ತಳಿಗಳಿಂದ.

ಈಗ ಮಗಳು ಕೆಲಸ ಮಾಡುತ್ತ ಕಲಿಯುವ ತರಬೇತಿಯಲ್ಲಿದ್ದಾಳೆ. ಬುಟ್ಟಿ ಎತ್ತುವುದು, ಗಾತ್ರ ವಿಂಗಡಿಸುವುದು ಅರ್ಧ ಕೆಲಸ. ಇನ್ನರ್ಧ ನೀರಿನ ಮಾದರಿ, ಉಪ್ಪಿನಂಶ, ಮಳೆಯ ಅಳತೆ, ದಾಖಲೆ. ಮಿತಿ ಮೀರಿ ಮಳೆ ಬಂದರೆ ಕೊಯ್ಲು ಮುಚ್ಚುತ್ತಾರೆ. ಪರೀಕ್ಷೆಯಲ್ಲಿ ನೀರು, ಮಾಂಸ ಎರಡೂ ಪಾಸಾಗುವವರೆಗೆ ಒಂದು ಡಜನ್ನೂ ಮಾರುವಂತಿಲ್ಲ. ದೋಣಿ ನಡೆಸುವ ಪರವಾನಗಿಗೆ ಓದುತ್ತಿದ್ದಾಳೆ. ಸಂಬಳ ನನ್ನ ಮೊದಲ ಸಂಬಳಕ್ಕಿಂತ ಕಡಿಮೆ, ಬೆನ್ನುನೋವು ಹೆಚ್ಚು. ಅದನ್ನು ಮುಚ್ಚಿಡುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವಳು ಇಳಿತ ನೋಡಿಕೊಂಡು ಬಳಚು ಹೆಕ್ಕುವ ಹೆಂಗಸರ ಜೊತೆ ನೀರಿಗಿಳಿದಳು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು ನಾನು ದಡದಲ್ಲಿ ನಿಂತು ಹೆಮ್ಮೆಯಿಂದ ಹೇಳುತ್ತಿದ್ದೆ. ಅವಳು ತನ್ನ ಅರೆಬರೆ ಕನ್ನಡದಲ್ಲಿ ಒಬ್ಬರನ್ನು ಕೇಳಿದಳು: "ಅಕ್ಕಾ, ಮಳೆ ಬಂದ ಮೇಲೆ ಈ ನೀರು ಯಾರು ಪರೀಕ್ಷೆ ಮಾಡ್ತಾರೆ?"

ಆ ಅಕ್ಕ ನಕ್ಕು, ಬುಟ್ಟಿಯನ್ನು ನೀರಿನಲ್ಲಿ ಒಂದು ಸಲ ಅಲುಗಿಸಿ, "ನಾವೇ ತಿಂತೇವಲ್ಲ, ಅದೇ ಪರೀಕ್ಷೆ" ಎಂದರು.