ಚಂದ್ರನಿಗೆ ಬಾಂಬು, ಆಕಾಶಕ್ಕೊಂದು ಸಲಾಮು

1957ರ ಅಕ್ಟೋಬರ್‌ನಲ್ಲಿ ರಶ್ಯ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕ ತಬ್ಬಿಬ್ಬಾಯಿತು. ತಾನೇನೂ ಕಡಿಮೆಯಲ್ಲ ಎಂದು ಜಗತ್ತಿಗೆ ತೋರಿಸಬೇಕಿತ್ತು. ಆಗ ಅಲ್ಲಿನ ವಾಯುಸೇನೆಗೆ ಹೊಳೆದ ಉಪಾಯಗಳಲ್ಲಿ ಒಂದು, ಚಂದ್ರನ ಮೇಲೆ ಅಣುಬಾಂಬು ಸಿಡಿಸುವುದು! ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯ ಬಳಿ ಬಾಂಬು ಸಿಡಿದರೆ ಏಳುವ ಧೂಳು ಸೂರ್ಯನ ಬೆಳಕಿಗೆ ಹೊಳೆಯುತ್ತದೆ, ಭೂಮಿಯಿಂದಲೇ ಎಲ್ಲರಿಗೂ ಕಾಣುತ್ತದೆ ಎಂಬುದು ಲೆಕ್ಕಾಚಾರ. ಯೋಜನೆಯ ಗುಪ್ತನಾಮ ಎ-119. ಶಿಕಾಗೋದ ಸಂಶೋಧನಾ ಸಂಸ್ಥೆಯೊಂದರಲ್ಲಿ ಭೌತವಿಜ್ಞಾನಿ ಲಿಯೊನಾರ್ಡ್ ರೈಫೆಲ್ ಅವರ ನೇತೃತ್ವದಲ್ಲಿ ಅಧ್ಯಯನ ನಡೆಯಿತು. ಧೂಳಿನ ಮೋಡ ಹೇಗೆ ಹರಡುತ್ತದೆ ಎಂಬ ಗಣಿತ ಮಾಡಿಕೊಡಲು ಅವರು ಶಿಕಾಗೋ ವಿಶ್ವವಿದ್ಯಾನಿಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಸೇರಿಸಿಕೊಂಡರು. ಆತನಿಗೆ ಇಪ್ಪತ್ತನಾಲ್ಕರ ಆಸುಪಾಸು. ಹೆಸರು ಕಾರ್ಲ್ ಸೇಗನ್.

ರಮಝಾನ್ ಮತ್ತು ಈದ್‌ನ ಚಂದ್ರದರ್ಶನಕ್ಕಾಗಿ ಪಡುವಣದತ್ತ ಕಣ್ಣು ನೆಡುವ ಕೋಟ್ಯಂತರ ಜನರಿಗೆ, ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕದಲ್ಲಿ ಬದುಕುವ ಇನ್ನೂ ಕೋಟ್ಯಂತರ ಜನರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಅವರನ್ನು ಕೇಳಬೇಕೆಂದು ಯಾರಿಗೂ ಅನಿಸಲೂ ಇಲ್ಲ. 1959ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಗುಟ್ಟು ರಟ್ಟಾದದ್ದು ಸೇಗನ್ ತೀರಿಕೊಂಡ ಮೇಲೆ. 1959ರಲ್ಲಿ ಅವರು ಒಂದು ಸಂಶೋಧನಾ ವೇತನಕ್ಕೆ ಹಾಕಿದ ಅರ್ಜಿಯಲ್ಲಿ ಈ ರಹಸ್ಯ ಕೆಲಸದ ಉಲ್ಲೇಖವಿತ್ತು. ಅದು ಜೀವನಚರಿತ್ರೆ ಬರೆಯುತ್ತಿದ್ದವರ ಕಣ್ಣಿಗೆ ಬಿತ್ತು. 2000ದಲ್ಲಿ ರೈಫೆಲ್ ಅವರೇ ಹೌದೆಂದು ಒಪ್ಪಿಕೊಂಡರು.

ಮುಂದೆ ಇದೇ ಸೇಗನ್ ಬಾಹ್ಯಾಕಾಶದಲ್ಲಿ ಆಯುಧ ಇಡುವುದರ ವಿರುದ್ಧ ಅಮೆರಿಕದ ಅತ್ಯಂತ ಪರಿಚಿತ ಧ್ವನಿಯಾದರು. ಅವರು ತಮ್ಮ ಯೌವನದ ಈ ಅಧ್ಯಾಯದ ಬಗ್ಗೆ ಬಹಿರಂಗವಾಗಿ ಬರೆಯಲಿಲ್ಲ. ಆದರೆ ಆಕಾಶವನ್ನು ಬಲ್ಲವನಿಗೆ ಆಕಾಶದ ಬಗ್ಗೆ ಏನು ಹೊಣೆ ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಲೇ ಹೋಯಿತು.

ಸೇಗನ್ ಹುಟ್ಟಿದ್ದು 1934ರ ನವೆಂಬರ್ 9ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಯಹೂದಿ ಕುಟುಂಬದಲ್ಲಿ. ತಂದೆ ಬಟ್ಟೆ ಕಾರ್ಖಾನೆಯ ಕೆಲಸಗಾರ, ವಲಸೆ ಬಂದವರು. ಬಾಲಕ ಸೇಗನ್ ಗ್ರಂಥಾಲಯಕ್ಕೆ ಹೋಗಿ ನಕ್ಷತ್ರಗಳ ಪುಸ್ತಕ ಕೇಳಿದಾಗ ಅಲ್ಲಿದ್ದವರು ಹಾಲಿವುಡ್ ತಾರೆಯರ ಪುಸ್ತಕ ಕೊಟ್ಟರಂತೆ. 1960ರಲ್ಲಿ ಡಾಕ್ಟರೇಟ್ ಪಡೆದು ಹಾರ್ವರ್ಡ್‌ನಲ್ಲಿ ಕಲಿಸಿದರು. ಹಾರ್ವರ್ಡ್ ಅವರನ್ನು ಕಾಯಂ ಮಾಡಲಿಲ್ಲ. 1968ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ಸೇರಿದವರು ಕೊನೆಯವರೆಗೆ ಅಲ್ಲೇ ಇದ್ದರು.

ಅವರ ಮೊದಲ ದೊಡ್ಡ ಕೆಲಸ ಶುಕ್ರಗ್ರಹದ್ದು. ಮೋಡ ಮುಸುಕಿದ ಆ ಗ್ರಹದಲ್ಲಿ ಸಮುದ್ರವಿರಬಹುದು, ಕಾಡಿರಬಹುದು ಎಂದೆಲ್ಲ ಊಹಿಸುತ್ತಿದ್ದ ಕಾಲವದು. ಅಲ್ಲಿಂದ ಬರುವ ರೇಡಿಯೋ ಅಲೆಗಳು ಸುಡುವ ನೆಲವನ್ನು ಸೂಚಿಸುತ್ತವೆ, ಇಂಗಾಲದ ಡೈಆಕ್ಸೈಡ್ ಹೊದಿಕೆಯಂತೆ ಶಾಖವನ್ನು ಹಿಡಿದಿಟ್ಟಿದೆ ಎಂದು ಸೇಗನ್ ವಾದಿಸಿದರು. ನಂತರ ಹೋದ ನೌಕೆಗಳು ಇದು ನಿಜವೆಂದು ತೋರಿಸಿದವು. ಶುಕ್ರನ ನೆಲದ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್, ಸೀಸ ಕರಗುವಷ್ಟು. ಇಂದು ನಮ್ಮ ಮಳೆಗಾಲವನ್ನು ಅಡಿಮೇಲು ಮಾಡುತ್ತಿರುವ ಭೂಮಿಯ ತಾಪಮಾನದ ಹಿಂದಿರುವುದೂ ಇದೇ ಭೌತನಿಯಮ.

ಮಂಗಳನ ವಿಷಯದಲ್ಲಿ ಅವರು ವಿಜ್ಞಾನದಿಂದ ನೀತಿಗೆ ಒಂದು ಹೆಜ್ಜೆ ಇಟ್ಟರು. ಅಲ್ಲಿ ಜೀವವಿದೆಯೇ ಎಂದು ಹುಡುಕಲು ಹೋಗುವ ನೌಕೆಯೇ ಭೂಮಿಯ ಸೂಕ್ಷ್ಮಜೀವಿಗಳನ್ನು ಹೊತ್ತೊಯ್ದರೆ? 1965ರಲ್ಲಿ ಸಿಡ್ನಿ ಕೋಲ್ಮನ್ ಜೊತೆ ಬರೆದ ಪ್ರಬಂಧದಲ್ಲಿ ಅವರು, ಮಂಗಳ ಕಲುಷಿತವಾಗುವ ಸಾಧ್ಯತೆ ಸಾವಿರಕ್ಕೊಂದನ್ನು ಮೀರಬಾರದೆಂಬ ಲೆಕ್ಕವಿಟ್ಟು, ನೌಕೆಗಳನ್ನು ಎಷ್ಟು ಶುದ್ಧೀಕರಿಸಬೇಕೆಂದು ತೋರಿಸಿದರು. 1976ರಲ್ಲಿ ಮಂಗಳಕ್ಕಿಳಿದ ಎರಡು ವೈಕಿಂಗ್ ನೌಕೆಗಳನ್ನು ಹಾರಿಸುವ ಮುನ್ನ 110 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಸುಮಾರು 30 ಗಂಟೆ ಬೇಯಿಸಲಾಗಿತ್ತು. ಜೀವ ಸಿಗಲಿಲ್ಲ. ಆದರೂ 1980ರ 'ಕಾಸ್ಮೋಸ್' ದೂರದರ್ಶನ ಸರಣಿಯಲ್ಲಿ ಸೇಗನ್ ಒಂದು ಮಾತು ಸೇರಿಸಿದರು. ಮಂಗಳದಲ್ಲಿ ಬರೀ ಸೂಕ್ಷ್ಮಜೀವಿಗಳಿದ್ದರೂ ಸಾಕು, ಆ ಗ್ರಹ ಅವುಗಳದ್ದು, ನಾವು ಅದನ್ನು ಮುಟ್ಟಬಾರದು ಎಂಬುದು ಅದರ ತಾತ್ಪರ್ಯ. ಅಮೆರಿಕದ ಮೂಲನಿವಾಸಿಗಳ ಭೂಮಿಯನ್ನು ಕಸಿದುಕೊಂಡು ಕಟ್ಟಿದ ದೇಶದ ಪ್ರಜೆಯೊಬ್ಬ ಇದನ್ನು ಹೇಳಿದ್ದು ಸಣ್ಣ ಸಂಗತಿಯಲ್ಲ.

ಇನ್ನು ಕಲೆಯ ಮಾತು. ಸೇಗನ್ ಸ್ವತಃ ಚಿತ್ರಕಾರರಲ್ಲ. ಅವರ ಕಲೆ ಭಾಷೆಯದ್ದು, ಜೊತೆಗೆ ಕಲಾವಿದರನ್ನು ಕೂಡಿಸುವುದು. 1972ರಲ್ಲಿ ಹಾರಿದ ಪಯೋನಿಯರ್-10 ನೌಕೆಗೆ ಅಂಟಿಸಿದ ಫಲಕವನ್ನು ಅವರು ಫ್ರಾಂಕ್ ಡ್ರೇಕ್ ಜೊತೆ ರೂಪಿಸಿದರು. ಚಿತ್ರ ಬರೆದವರು ಆಗ ಅವರ ಪತ್ನಿಯಾಗಿದ್ದ ಲಿಂಡಾ. ಅದರಲ್ಲಿದ್ದ ಗಂಡು ಹೆಣ್ಣಿನ ನಗ್ನಚಿತ್ರ ಗದ್ದಲಕ್ಕೆ ಕಾರಣವಾಯಿತು.

1977ರ ವೊಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆ ಇದಕ್ಕಿಂತ ಬಹಳ ದೊಡ್ಡ ಕೆಲಸ. ಸುಮಾರು ಒಂದೂವರೆ ಗಂಟೆಯ ಸಂಗೀತ, ನೂರಕ್ಕೂ ಹೆಚ್ಚು ಚಿತ್ರಗಳು, 55 ಭಾಷೆಗಳ ಶುಭಾಶಯ. ಅನ್ಯ ನಕ್ಷತ್ರಲೋಕದ ಯಾರಾದರೂ ಎಂದಾದರೂ ಅದನ್ನು ಎತ್ತಿಕೊಂಡರೆ ಭೂಮಿಯ ಪರಿಚಯವಾಗಲಿ ಎಂಬ ಆಸೆ. ಇದರಲ್ಲಿ ಕನ್ನಡವೂ ಇದೆ! ಕನ್ನಡಿಗರ ಪರವಾಗಿ ಶುಭ ಕೋರುವ ಪುಟ್ಟ ವಾಕ್ಯವೊಂದು ಸೌರವ್ಯೂಹದ ಅಂಚನ್ನು ದಾಟಿ ಹೋಗುತ್ತಿದೆ. ಉರ್ದುವಿನ ಶುಭಾಶಯ ಸಲಾಮಿನಿಂದಲೇ ಶುರುವಾಗುತ್ತದೆ. ಅರಬಿ ಭಾಷೆಯದ್ದು ನಕ್ಷತ್ರಗಳಲ್ಲಿರುವ ಗೆಳೆಯರನ್ನು ಉದ್ದೇಶಿಸಿದೆ. ಬಾಖ್, ಬೀಥೋವನ್ ಅವರ ಪಕ್ಕದಲ್ಲಿ ಗೋವೆಯ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಚಿತ್ರಗಳಲ್ಲಿ ತಾಜ್‌ಮಹಲ್ ಇದೆ.

ಇಲ್ಲದಿರುವುದೂ ಅಷ್ಟೇ ಮುಖ್ಯ. ಯುದ್ಧ, ರೋಗ, ಹಸಿವಿನ ಚಿತ್ರಗಳು ಬೇಡವೆಂದು ಸಮಿತಿ ತೀರ್ಮಾನಿಸಿತು. ನಗ್ನಚಿತ್ರದ ಗದ್ದಲ ಮರೆಯದ ನಾಸಾ ಈ ಸಲ ಅಂಥದ್ದಕ್ಕೆ ಒಪ್ಪಲಿಲ್ಲ. ಹೀಗಾಗಿ ಭೂಮಿಯ ಭಾವಚಿತ್ರ ಮದುವೆ ಮಾತುಕತೆಗೆ ಕಳಿಸುವ ಫೋಟೋದ ಹಾಗೆ ಒಪ್ಪವಾಗಿದೆ. ತಮಾಷೆಯೆಂದರೆ ಯುದ್ಧ ಹಿಂಬಾಗಿಲಿನಿಂದ ಬಂದೇ ಬಿಟ್ಟಿತು. ತಟ್ಟೆಯಲ್ಲಿ ಮನುಕುಲದ ಪರವಾಗಿ ಶಾಂತಿಯ ಮಾತಾಡಿದ ಅಂದಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್, ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ಅಧಿಕಾರಿಯಾಗಿ ಬಾಲ್ಕನ್ ಪ್ರದೇಶದಲ್ಲಿದ್ದುದನ್ನು ಮುಚ್ಚಿಟ್ಟಿದ್ದರೆಂದು 1986ರಲ್ಲಿ ಬಯಲಾಯಿತು.

ವೊಯೇಜರ್-1 ತನ್ನ ಕೆಲಸ ಮುಗಿಸಿ ಹೊರಟಾಗ, ಅದರ ಕ್ಯಾಮರಾವನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಎಂದು ಸೇಗನ್ ವರ್ಷಗಟ್ಟಲೆ ನಾಸಾದ ಬೆನ್ನು ಹತ್ತಿದರು. ವೈಜ್ಞಾನಿಕ ಲಾಭ ಏನೂ ಇಲ್ಲವೆಂದು ಅವರಿಗೂ ಗೊತ್ತಿತ್ತು. 1990ರ ಫೆಬ್ರವರಿ 14ರಂದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಆ ಚಿತ್ರ ತೆಗೆಯಲಾಯಿತು. ಒಂದು ಬೆಳಕಿನ ಪಟ್ಟಿಯಲ್ಲಿ ಧೂಳಿನ ಕಣದಷ್ಟು ಭೂಮಿ! ಬಹುಶಃ ಅವರ ಬದುಕಿನ ಅತಿ ದೊಡ್ಡ ಕಲಾಕೃತಿ ಇದೇ.

ಈ ನಡುವೆ ನೆಲದ ಜಗಳಗಳೂ ನಡೆದಿದ್ದವು. 1983ರಲ್ಲಿ ಅಧ್ಯಕ್ಷ ರೇಗನ್ ಅಂತರಿಕ್ಷದಿಂದಲೇ ಕ್ಷಿಪಣಿಗಳನ್ನು ಹೊಡೆದುರುಳಿಸುವ 'ಸ್ಟಾರ್ ವಾರ್ಸ್' ಯೋಜನೆ ಘೋಷಿಸಿದಾಗ ಸೇಗನ್ ಅದರ ವಿರುದ್ಧ ನಿಂತರು. ಅದೇ ವರ್ಷ ಡಿಸೆಂಬರ್‌ನಲ್ಲಿ ನಾಲ್ವರು ಸಹೋದ್ಯೋಗಿಗಳ ಜೊತೆ, ಅಣುಯುದ್ಧದ ಹೊಗೆ ಸೂರ್ಯನನ್ನು ಮರೆಮಾಡಿ ಭೂಮಿಯನ್ನು ತಣ್ಣಗಾಗಿಸುತ್ತದೆ ಎಂಬ 'ಅಣುಚಳಿಗಾಲ'ದ ಪ್ರಬಂಧ ಪ್ರಕಟಿಸಿದರು. ಅದರ ಮೂಲ ಮಂಗಳನ ಧೂಳುಗಾಳಿಯ ಅಧ್ಯಯನದಲ್ಲಿತ್ತು. ನೆವಾಡದ ಅಣುಪರೀಕ್ಷಾ ಕ್ಷೇತ್ರದಲ್ಲಿ ಪ್ರತಿಭಟಿಸಿ ಬಂಧನಕ್ಕೂ ಒಳಗಾದರು.

ಅವರು ಎಡವಿದ್ದೂ ಉಂಟು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿ ಸೇನೆ ಕುವೈತ್‌ನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಈ ಹೊಗೆ ಮೇಲ್ವಾತಾವರಣಕ್ಕೇರಿದರೆ ದಕ್ಷಿಣ ಏಷ್ಯದ ಮುಂಗಾರಿಗೂ ಪೆಟ್ಟಾಗಬಹುದೆಂದು ಸೇಗನ್ ಎಚ್ಚರಿಸಿದ್ದರು. ಹೊಗೆ ಅಷ್ಟು ಎತ್ತರಕ್ಕೆ ಏರಲಿಲ್ಲ. ಕೊಲ್ಲಿಯ ಜನ ಕರಿಮಳೆಯಲ್ಲಿ ನರಳಿದರು, ನಮ್ಮ ಮುಂಗಾರು ಉಳಿಯಿತು. ತಮ್ಮ ಅಂದಾಜು ತಪ್ಪಿತ್ತೆಂದು ಸೇಗನ್ ಆಮೇಲೆ ಪುಸ್ತಕದಲ್ಲೇ ಬರೆದರು. ವಿರೋಧಿಗಳು ಇದನ್ನೇ ಹಿಡಿದು ಅವರ ಉಳಿದ ಮಾತನ್ನೂ ತಳ್ಳಿಹಾಕಿದ್ದು ನ್ಯಾಯವಲ್ಲ.

ಧರ್ಮದ ಬಗ್ಗೆ ಅವರ ನಿಲುವು ನಮ್ಮದಲ್ಲ. ಪುರಾವೆ ಸಾಲದು ಎನ್ನುತ್ತಿದ್ದ ಸಂದೇಹವಾದಿ ಅವರು. ಆದರೆ 1990ರ ಜನವರಿಯಲ್ಲಿ ಮಾಸ್ಕೋದಲ್ಲಿ ನಡೆದ ಧಾರ್ಮಿಕ ಮತ್ತು ಸಂಸದೀಯ ನಾಯಕರ ಜಾಗತಿಕ ಸಭೆಗೆ, ಭೂಮಿಯನ್ನು ಪವಿತ್ರವೆಂದು ಕಾಣುವ ಧರ್ಮಗಳ ನೆರವಿಲ್ಲದೆ ವಿಜ್ಞಾನವೊಂದರಿಂದ ಅದನ್ನು ಉಳಿಸಲಾಗದು ಎಂಬ ವಿಜ್ಞಾನಿಗಳ ಮನವಿಯನ್ನು ಒಯ್ದವರು ಅವರೇ. ಆಕಾಶವನ್ನೆತ್ತಿ ಅದಕ್ಕೊಂದು ಮೀಝಾನ್, ಅಂದರೆ ತಕ್ಕಡಿ ಇಟ್ಟ ಸೃಷ್ಟಿಕರ್ತನನ್ನು ನಂಬುವವರು ಅಂಥ ಮನವಿಗೆ ಎಷ್ಟರಮಟ್ಟಿಗೆ ಓಗೊಟ್ಟಿದ್ದೇವೆ ಎಂಬುದು ಬೇರೆಯದೇ ಲೇಖನದ ವಸ್ತು.

ಅವರ ಕೊನೆಯ ವಾದಗಳಲ್ಲಿ ಒಂದು ಕ್ಷುದ್ರಗ್ರಹಗಳದ್ದು. ಭೂಮಿಗೆ ಬಡಿಯಲಿರುವ ಬಂಡೆಯನ್ನು ಪಕ್ಕಕ್ಕೆ ತಳ್ಳುವ ತಂತ್ರವನ್ನು ಈಗಲೇ ಕಟ್ಟಬೇಕೆಂದು ಹೈಡ್ರೋಜನ್ ಬಾಂಬಿನ ಎಡ್ವರ್ಡ್ ಟೆಲ್ಲರ್ ಮೊದಲಾದವರು ಒತ್ತಾಯಿಸುತ್ತಿದ್ದರು. 1994ರಲ್ಲಿ ಸೇಗನ್ ಮತ್ತು ಸ್ಟೀವನ್ ಆಸ್ಟ್ರೋ 'ನೇಚರ್' ಪತ್ರಿಕೆಯಲ್ಲಿ ಒಂದು ಆಕ್ಷೇಪ ಎತ್ತಿದರು. ಬರುವ ಬಂಡೆಯನ್ನು ಪಕ್ಕಕ್ಕೆ ಸರಿಸಬಲ್ಲವನು, ಪಕ್ಕದಲ್ಲಿ ಹೋಗುವ ಬಂಡೆಯನ್ನು ಭೂಮಿಯತ್ತ ತಿರುಗಿಸಲೂ ಬಲ್ಲ. ಬಂಡೆ ಬಡಿಯುವ ಅಪಾಯಕ್ಕಿಂತ ದುರುಳ ಕೈಗಳ ಅಪಾಯವೇ ಹತ್ತಿರದ್ದು. ಎರಡು ವರ್ಷದ ನಂತರ, 1996ರ ಡಿಸೆಂಬರ್ 20ರಂದು, 62ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಆಕಾಶಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಅದರ ಸುತ್ತಿನ ಅವಧಿ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಪತ್ರಿಕೆಗಳು ಸಂಭ್ರಮದಿಂದ ಮುಖಪುಟದಲ್ಲಿ ಹಾಕಿದವು.