ಸುಟ್ಟ ಕಡತಗಳು, ಉಳಿದ ಹೆಸರುಗಳು

ನಮ್ಮ ಮನೆಯ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ನನ್ನ ಅಜ್ಜನ ಅಣ್ಣನ ಸೈನ್ಯದ ಬಿಡುಗಡೆ ಪತ್ರವೊಂದಿದೆ. ಎರಡನೆಯ ಮಹಾಯುದ್ಧ ಮುಗಿದು ಊರಿಗೆ ಮರಳುವಾಗ ಕೊಟ್ಟದ್ದು. ಊರಿನ ವಿಳಾಸದ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ಪ್ರಾಂತ ಎಂದಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಆಮೇಲೆ ಕಣ್ಣೂರು ಜಿಲ್ಲೆಯವರಾದೆವು, 1984ರಿಂದ ಕಾಸರಗೋಡು ಜಿಲ್ಲೆಯವರು. ಮನೆ ಮಾತ್ರ ಇದ್ದಲ್ಲೇ ಇದೆ. ಗೆದ್ದಲು ಹಿಡಿದ ಆ ಕಾಗದವನ್ನು ಬಿಡಿಸಿದಾಗಲೆಲ್ಲ ನನಗೆ ಅಮೆರಿಕದ ಸೇಂಟ್ ಲೂಯಿಸಿನ ಬೆಂಕಿಯ ನೆನಪಾಗುತ್ತದೆ.

ಆ ನಗರದ ಹೊರವಲಯದ ಓವರ್‌ಲ್ಯಾಂಡ್ ಎಂಬಲ್ಲಿ ಸೈನಿಕರ ಸೇವಾ ದಾಖಲೆಗಳಿಗೆಂದೇ ಆರು ಅಂತಸ್ತಿನ ಕಟ್ಟಡವೊಂದಿತ್ತು. 1956ರಲ್ಲಿ ಮುಗಿದದ್ದು. ವಿನ್ಯಾಸಕಾರ ಮಿನೋರು ಯಮಸಾಕಿ, ಮುಂದೆ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳನ್ನು ರೂಪಿಸಿದವನು. ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಸುವ ಕೊಳವೆಗಳನ್ನು ಇಲ್ಲಿ ಹಾಕಲಿಲ್ಲ. ಕೊಳವೆ ಸೋರಿದರೆ ಕಾಗದ ಹಾಳಾದೀತು ಎಂಬುದು ಆ ಕಾಲದ ಕೆಲವು ದಾಖಲೆಪಾಲಕರ ಭಯ. ಕಡತಗಳ ವಿಶಾಲ ಅಂಕಣಗಳ ನಡುವೆ ಬೆಂಕಿ ತಡೆಯುವ ಗೋಡೆಗಳೂ ಇರಲಿಲ್ಲ.

1973ರ ಜುಲೈ 12, ಮಧ್ಯರಾತ್ರಿ ಕಳೆದು ಹದಿನಾರು ನಿಮಿಷ. ಆರನೆಯ ಅಂತಸ್ತಿನಲ್ಲಿ ಬೆಂಕಿ. ಐದು ನಿಮಿಷ ತುಂಬುವ ಮೊದಲೇ ಅಗ್ನಿಶಾಮಕರು ತಲುಪಿದರೂ ಹೊಗೆ, ಶಾಖಗಳ ಎದುರು ಬೆಳಗಿನ ಜಾವಕ್ಕೆ ಹಿಂದೆ ಸರಿಯಬೇಕಾಯಿತು. ನಲವತ್ತೆರಡು ಅಗ್ನಿಶಾಮಕ ವಲಯಗಳವರು ನೀರು ಹೊಡೆದರು. ಪೂರ್ತಿ ಆರಿತೆಂದು ಸಾರಿದ್ದು 16ರಂದು. ಕಾರಣವೇನೆಂದು ಖಚಿತವಾಗಿ ಇತ್ಯರ್ಥವಾಗಲೇ ಇಲ್ಲ.

ಹೋದದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು. 1912ರ ನವೆಂಬರಿನಿಂದ 1959ರ ಕೊನೆಯವರೆಗೆ ಭೂಸೇನೆಯಿಂದ ಬಿಡುಗಡೆಯಾದವರಲ್ಲಿ ಶೇಕಡಾ 80 ಮಂದಿಯ ದಾಖಲೆ. ಎರಡು ಮಹಾಯುದ್ಧ, ಕೊರಿಯಾ ಯುದ್ಧ ಎಲ್ಲ ಇದರೊಳಗೆ ಬಂತು. 1947ರಿಂದ 1963ರವರೆಗಿನ ವಾಯುಸೇನೆಯದು ಇನ್ನೂ ವಿಚಿತ್ರ: ಅಕ್ಷರಾನುಕ್ರಮದಲ್ಲಿ ಹಬರ್ಡ್ ಎಂಬ ಹೆಸರಿನ ನಂತರದ ಕಡತಗಳಿಗೆ ಬೆಂಕಿ ಬಿತ್ತು, ಅದರ ಹಿಂದಿನವು ಪಾರಾದವು. ಅಪ್ಪ ಕೊಟ್ಟ ಮನೆತನದ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಎಂಬುದೇ ಹಣೆಬರಹವಾಯಿತೆನ್ನಬೇಕು! ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಮಾಡಿರಲಿಲ್ಲ, ಸೂಚಿಯೂ ಇರಲಿಲ್ಲ. ಹಾಗಾಗಿ ಯಾರ್ಯಾರದು ಹೋಯಿತೆಂದು ಪಟ್ಟಿ ಮಾಡುವುದೂ ಆಗದು.

ಆಮೇಲಿನ ಕೆಲಸವೇ ನನಗೆ ಹೆಚ್ಚು ಬೆರಗು ತರುವುದು. ಜುಲೈ ತಿಂಗಳ ಸೆಕೆ, ತೊಯ್ದ ಕಾಗದ. ಬೂಷ್ಟು ಎಷ್ಟು ಬೇಗ ಬರುತ್ತದೆಂದು ಆಟಿಯ ಮಳೆ ಕಂಡ ನಮಗೆ ಹೇಳಬೇಕಾದ್ದಿಲ್ಲ. ಬೂಷ್ಟು ತಡೆಯಲು ಥೈಮಾಲ್ ಸಿಂಪಡಿಸಿದರು. ಹಾಲಿನ ಪೊಟ್ಟಣ ಸಾಗಿಸುವಂಥ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಕಡತಗಳನ್ನು ತುಂಬಿ ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನ ಕಂಪೆನಿಯ ನಿರ್ವಾತ ಕೋಣೆಗೆ ಒಯ್ದು ನೀರಿನಂಶ ಹೀರಿ ತೆಗೆದರು. ಹೀಗೆ ಸುಮಾರು 65 ಲಕ್ಷ ಕಡತಗಳು ಅಂಚು ಸುಟ್ಟೋ, ನೀರು ಕುಡಿದೋ ಉಳಿದುಕೊಂಡವು.

ಉಳಿಯದವರಿಗೆ? ಅಂಗವಿಕಲ ಪರಿಹಾರ, ಆಸ್ಪತ್ರೆ, ಸೈನಿಕ ಗೌರವದ ಅಂತ್ಯಕ್ರಿಯೆ, ಎಲ್ಲಕ್ಕೂ ಸೇವೆಯ ಪುರಾವೆ ಬೇಕು. ಹೀಗಾಗಿ ಬೇರೆಡೆ ಬಿದ್ದಿದ್ದ ಚೂರುಗಳನ್ನು ಕೂಡಿಸಿದರು. ಕೊನೆಯ ಸಂಬಳದ ಚೀಟಿಗಳು, ಆಸ್ಪತ್ರೆಯ ದಾಖಲೆಗಳು, ಒಂದೊಂದು ತುಕಡಿಯಲ್ಲೂ ಯಾರು ಬಂದರು, ಯಾರು ಕಾಯಿಲೆ ಬಿದ್ದರು ಎಂದು ದಿನವೂ ಬರೆದಿಡುತ್ತಿದ್ದ ವರದಿಗಳು. ಯಾರ ಲೆಕ್ಕಕ್ಕೋ ಬರೆದ ಸಂಬಳದ ಚೀಟಿ ಮುದುಕನೊಬ್ಬನ ಜೀವನಾಧಾರವಾಯಿತು. ಬಿಡುಗಡೆ ಪತ್ರವನ್ನು ಮನೆಯಲ್ಲಿ ಜೋಪಾನ ಮಾಡಿದವನು ಗೆದ್ದ.

ಲಂಡನ್ನಿನಲ್ಲೂ ಹೀಗೆಯೇ ಆಗಿತ್ತು. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಆರ್ನ್‌ಸೈಡ್ ಬೀದಿಯ ಉಗ್ರಾಣ ಉರಿದು, ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾದವು. ಉಳಿದವನ್ನು ಅಲ್ಲಿನವರು 'ಸುಟ್ಟ ದಾಖಲೆಗಳು' ಎಂದೇ ಕರೆಯುತ್ತಾರೆ.

ನಮ್ಮ ದೊಡ್ಡಜ್ಜನ ಪತ್ರದಲ್ಲಿ ಗೆದ್ದಲು ತಿಂದಿರುವುದು ಎಡದ ಮೇಲ್ಭಾಗ. ಸೇವಾ ಸಂಖ್ಯೆಯ ಕೊನೆಯ ಎರಡು ಅಂಕೆಗಳು ಅಲ್ಲಿದ್ದವು. ಕಳೆದ ಮಳೆಗಾಲಕ್ಕೆ ಮೊದಲು ಮೂರು ನೆರಳಚ್ಚು ಮಾಡಿಸಿ, ಒಂದನ್ನು ಮಂಗಳೂರಿನ ತಂಗಿಯ ಮನೆಯಲ್ಲಿಟ್ಟಿದ್ದೇನೆ.